ಎಲ್ಲರ ಪರವಾಗಿ ಮಾತಾಡಿದ ಅಕ್ಕೋರು

ಅವರ ಬಲಗೈಯ ಬೆರಳುಗಳು ಪೂರ್ತಿ ಚಾಚುತ್ತಿರಲಿಲ್ಲ. ಗಂಟುಗಳು ಊದಿಕೊಂಡು, ನಾಲ್ಕೂ ಬೆರಳು ಒಂದೇ ಬದಿಗೆ ವಾಲಿ, ಗಾಳಿಗೆ ಒರಗಿದ ಜೋಳದ ದಂಟುಗಳ ಹಾಗೆ ಕಾಣುತ್ತಿದ್ದವು. ಸೀಮೆಸುಣ್ಣವನ್ನು ಬೆರಳುಗಳ ನಡುವೆ ಹಿಡಿಯಲಾಗದೆ ಮುಷ್ಟಿಯಲ್ಲಿ ಹಿಡಿದು, ಭುಜದಿಂದಲೇ ತೋಳು ಬೀಸಿ ಹಲಗೆಯ ಮೇಲೆ ಗೆರೆ ಎಳೆಯುತ್ತಿದ್ದರು. ಸಂಧಿವಾತ ಅವರನ್ನು ಹಿಡಿದು ಎಷ್ಟೋ ವರ್ಷಗಳಾಗಿದ್ದವು. ಚಳಿಗಾಲದ ಬೆಳಿಗ್ಗೆಗಳಲ್ಲಿ ಬಿಸಿನೀರಿನ ಬಾಟಲಿಯನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದುಕೊಂಡೇ ಪಾಠ ಶುರುಮಾಡುತ್ತಿದ್ದರು. ಆದರೂ ಅವರೆಳೆದ ಗೆರೆ ನಡುಗಿದ್ದನ್ನು ನಾನೆಂದೂ ನೋಡಲಿಲ್ಲ.

ಪುಣೆಯ ಒಂದು ಖಾಸಗಿ ಡಿಸೈನ್ ಕಾಲೇಜಿನಲ್ಲಿ ಅವರು ಮೊದಲ ವರ್ಷದ ಮಕ್ಕಳಿಗೆ ಕಲಿಸುತ್ತಿದ್ದರು. ಧಾರವಾಡದವರು. ನಾನು ಹಿಂಜವಾಡಿಯ ಐಟಿ ಕಂಪನಿಯೊಂದರಲ್ಲಿದ್ದುಕೊಂಡು ಶನಿವಾರ ಮಾತ್ರ ಅಲ್ಲಿಗೆ ಆ್ಯಪ್ ವಿನ್ಯಾಸ ಹೇಳಿಕೊಡಲು ಹೋಗುತ್ತಿದ್ದೆ. ಮೊದಲ ದಿನವೇ ಸ್ಟಾಫ್ ರೂಮಿನ ಮೂಲೆಯಲ್ಲಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಹಿಂದಿನಿಂದ ದನಿ ಬಂತು: "ಏನ್ರೀ, ಮೈಸೂರವ್ರೇನು? ಅವ್ವನ ಜೋಡಿ ಮಾತಾಡೂದೂ ಇಷ್ಟು ಮೆತ್ತಗ?" ಅಂದಿನಿಂದ ಅವರಿಗೆ ನಾನು ಮೈಸೂರವ್ರು. ನಾನು ಬಾಯಲ್ಲಿ ಮೇಡಮ್ ಅನ್ನುತ್ತಿದ್ದೆ. ಆದರೆ ಆಮೇಲೆ ಬಂದ ಒಬ್ಬ ವಿದ್ಯಾರ್ಥಿನಿ, ಆ ಕಡೆಯವರು ಶಾಲೆಯ ಟೀಚರನ್ನು ಕರೆಯುವ ಹಾಗೆ, ಅವರನ್ನು ಅಕ್ಕೋರು ಅಂದಳು. ನನ್ನ ಮನಸ್ಸಿನಲ್ಲಿ ಈಗ ಉಳಿದಿರುವುದು ಆ ಹೆಸರೇ.

ಪ್ರತಿ ವರ್ಷ ಮೊದಲ ತರಗತಿಯಲ್ಲಿ ಅಕ್ಕೋರು ಕೊಡುತ್ತಿದ್ದ ಕೆಲಸ ಒಂದೇ: ನಿಮ್ಮ ಮನೆಯ ಕಸಬರಿಗೆಯನ್ನು ನೆನಪಿನಿಂದ ಬಿಡಿಸಿ. ಮಕ್ಕಳು ನಗುತ್ತಿದ್ದರು. ಬಿಡಿಸಲು ಕೂತ ಮೇಲೆ ನಗು ನಿಲ್ಲುತ್ತಿತ್ತು. ದೊಡ್ಡ ಅಪಾರ್ಟ್‌ಮೆಂಟುಗಳಿಂದ ಬಂದವರಿಗೆ ತಮ್ಮ ಮನೆಯ ಕಸಬರಿಗೆ ಹೇಗಿದೆ ಎಂದು ಗೊತ್ತೇ ಇರುತ್ತಿರಲಿಲ್ಲ. ಮೆಲ್ಲಗೆ ಹೊರಗೆ ಹೋಗಿ ಮನೆಗೆಲಸದ ಹೆಂಗಸಿಗೆ ಫೋನ್ ಮಾಡಿ ಕೇಳುತ್ತಿದ್ದರು. ಒಬ್ಬ ಹುಡುಗ ನೆಲದ ಮೇಲೆ ತಾನೇ ತಿರುಗುವ ಯಂತ್ರ ಬಿಡಿಸಿದ್ದ. ಕೊಂಕಣದವನೊಬ್ಬ ತೆಂಗಿನ ಕಡ್ಡಿಯದು, ಸೊಲ್ಲಾಪುರದವಳೊಬ್ಬಳು ಈಚಲ ಗರಿಯದು. ಎಲ್ಲವನ್ನೂ ಗೋಡೆಗೆ ಹಚ್ಚಿ ಅಕ್ಕೋರು ಮರಾಠಿಯಲ್ಲಿ ಹೇಳುತ್ತಿದ್ದರು, "ನೋಡಿ, ಕಸ ಎಲ್ಲರ ಮನೆಯಲ್ಲೂ ಒಂದೇ. ಗುಡಿಸುವ ಕೈ ಬೇರೆ. ನಿಮಗೆ ಕೈ ಕಾಣದಿದ್ದರೆ ನೀವು ಏನನ್ನೂ ವಿನ್ಯಾಸ ಮಾಡಲಾರಿರಿ."

ನನ್ನ ಪಾಠವನ್ನೂ ಬಿಡಲಿಲ್ಲ. ಮಾಲಿನಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕಿಕೊಡುವ ಆ್ಯಪ್ ಮಾಡಿ ಎಂದು ನಾನು ಮಕ್ಕಳಿಗೆ ಕೊಟ್ಟಿದ್ದೆ. ಬಾಗಿಲಲ್ಲಿ ನಿಂತು ಓದಿ, "ಛಂದ ಅದ," ಅಂದರು. "ಆದ್ರ ಇದನ್ನ ಮಾಡ್ಲಿಕ್ಕೆ ಮೊದಲ ಕಾರು ಬೇಕಲ್ರೀ? ಇಲ್ಲಿ ಅರ್ಧ ಮಂದಿ ಸಿಟಿ ಬಸ್ಸಿಗೆ ಜೋತುಬಿದ್ದು ಬಂದಾರ." ಮುಂದಿನ ಶನಿವಾರ ನಾನು ಬಸ್ಸಿನ ಆ್ಯಪ್ ಕೊಟ್ಟೆ.

ಅವರನ್ನು ಅಕ್ಕೋರು ಅಂದ ಆ ವಿದ್ಯಾರ್ಥಿನಿ ಜತ್ತ ತಾಲ್ಲೂಕಿನವಳು. ಜತ್ತ ಇರುವುದು ಮಹಾರಾಷ್ಟ್ರದಲ್ಲಿ, ಆದರೆ ಅಲ್ಲಿಯ ಎಷ್ಟೋ ಊರುಗಳಲ್ಲಿ ಮನೆಮಾತು ಕನ್ನಡ, ಶಾಲೆಯೂ ಕನ್ನಡ. ಹೀಗಾಗಿ ಪುಣೆಗೆ ಬಂದಾಗ ಅವಳಿಗೆ ಮರಾಠಿ ಅರ್ಧ, ಇಂಗ್ಲಿಷ್ ಕಾಲು. ಪ್ರವೇಶ ಪರೀಕ್ಷೆಯಲ್ಲಿ 'ನಿಮ್ಮ ಮಲಗುವ ಕೋಣೆಯನ್ನು ಚಿತ್ರಿಸಿ' ಎಂಬ ಪ್ರಶ್ನೆ ಇತ್ತು. ಅವಳ ಮನೆಯಲ್ಲಿ ಮಲಗುವ ಕೋಣೆ ಇರಲಿಲ್ಲ. ಮಾಳಿಗೆಯ ಮೇಲೆ ಸಾಲಾಗಿ ಮಲಗಿದ ಇಡೀ ಮನೆಮಂದಿಯನ್ನು, ಆಕಾಶದಿಂದ ನೋಡಿದ ಹಾಗೆ ಬಿಡಿಸಿದ್ದಳು. ಅಜ್ಜಿಯ ಕೈ ಮೊಮ್ಮಗನ ಹೊಟ್ಟೆಯ ಮೇಲೆ, ಅಂಚಿನಲ್ಲಿ ನೀರಿನ ತಂಬಿಗೆ, ಹೊದಿಕೆ ಎಳೆದುಕೊಂಡವನೊಬ್ಬ, ಹೊದಿಕೆ ಕಳೆದುಕೊಂಡವಳೊಬ್ಬಳು. ಪರೀಕ್ಷಕರು ಕೋಣೆ ಇಲ್ಲ, ಗೋಡೆ ಇಲ್ಲ, ಆಳ ತೋರಿಸಿಲ್ಲ ಎಂದು ಬದಿಗಿಟ್ಟಿದ್ದರು. ಅಕ್ಕೋರು ಆ ಹಾಳೆ ಹಿಡಿದು ಪ್ರಿನ್ಸಿಪಾಲರ ಮೇಜಿನ ಮುಂದೆ ನಿಂತರು. "ಪ್ರಶ್ನೆ ತಪ್ಪಿದೆ, ಉತ್ತರ ಅಲ್ಲ," ಅಂದರು. ಅಂದು ಅವರು ಗೆದ್ದರು. ನನಗೆ ತಿಳಿದಂತೆ ಅವರು ಅಲ್ಲಿ ಗೆದ್ದದ್ದು ಅದೊಂದೇ ಸಲ.

ಹುಡುಗಿ ಬಂದಳು. ಉಳಿದ ಪಾಠಗಳಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ಹೋಟೆಲಿನ ಬೆಳಗಿನ ಬಫೆ, ವಿಮಾನ ನಿಲ್ದಾಣದ ಲೌಂಜ್, ಇಂಥವೇ ಉಳಿದ ಅಧ್ಯಾಪಕರೆಲ್ಲ ಕೊಡುತ್ತಿದ್ದ ವಿಷಯಗಳು. ಅವಳು ಅವನ್ನು ಫೋನಿನಲ್ಲಿ ನೋಡಿ ಬಿಡಿಸುತ್ತಿದ್ದಳು, ಬೈಸಿಕೊಳ್ಳುತ್ತಿದ್ದಳು. ಮಧ್ಯಾಹ್ನ ಅಕ್ಕೋರ ಪಕ್ಕ ಕೂತು ಅವರ ಡಬ್ಬಿಯ ಶೇಂಗಾ ಚಟ್ನಿಗೆ ಚಪಾತಿ ಹಚ್ಚಿಕೊಳ್ಳುವಾಗ ಮಾತ್ರ ಅವಳ ನಗು ಕೇಳುತ್ತಿತ್ತು.

ವರ್ಷದ ಕೊನೆಯ ಕೆಲಸಕ್ಕೆ ಅಕ್ಕೋರು ಇಡೀ ತರಗತಿಯನ್ನು ಪುಣೆಯ ಹತ್ತಿರದ ಯಾತ್ರಾಸ್ಥಳ ಜೇಜುರಿಗೆ ಕರೆದುಕೊಂಡು ಹೋದರು. ನಾನೂ ಹೋಗಿದ್ದೆ. ಅಲ್ಲಿ ದಿಕ್ಕು ತೋರಿಸುವ ಫಲಕಗಳನ್ನು ವಿನ್ಯಾಸ ಮಾಡಬೇಕಿತ್ತು. ಖಂಡೋಬನ ಗುಡ್ಡದಲ್ಲಿ ಭಕ್ತರು ಹಿಡಿಹಿಡಿ ಭಂಡಾರ ತೂರುತ್ತಾರೆ. ಆ ಅರಿಶಿನ ಮೆಟ್ಟಿಲು, ಗೋಡೆ, ತಲೆ, ನಾಯಿ ಎಲ್ಲದರ ಮೇಲೂ ಕೂತು, ಯಾವ ಫಲಕ ಹಾಕಿದರೂ ಅರ್ಧ ದಿನದಲ್ಲಿ ಅಕ್ಷರ ಮುಚ್ಚಿಹೋಗುತ್ತದೆ. ಮೇಲಾಗಿ ಅಲ್ಲಿಗೆ ಕರ್ನಾಟಕದಿಂದಲೂ ಜನ ಬರುತ್ತಾರೆ, ನಮ್ಮ ಮೈಲಾರಲಿಂಗನೇ ಇವನು ಎಂದು. ಅವರಲ್ಲಿ ಎಷ್ಟೋ ಜನಕ್ಕೆ ಮರಾಠಿ ಫಲಕ ಓದಲು ಬಾರದು. ಮುದುಕಿಯರಿಗೆ ಯಾವ ಫಲಕವೂ ಓದಲು ಬಾರದು. ಅಂಥ ಒಬ್ಬ ಮುದುಕಿ ತನ್ನವರಿಂದ ತಪ್ಪಿಸಿಕೊಂಡು ಅಳುತ್ತಿದ್ದಳು. ಜತ್ತದ ಹುಡುಗಿ ಅವಳ ಪಕ್ಕ ಕೂತಳು.

"ಎಲ್ಲಿ ಕುಂತೀನಿ ಅಂತ ಮಗನಿಗೆ ಹೆಂಗ ಹೇಳಲಿ ಯವ್ವಾ? ಎಲ್ಲಾ ಕಡಿ ಒಂದ ಥರಾ ದೀಪದ ಕಂಬ," ಅಂದಳು ಮುದುಕಿ, ಯಾರದೋ ಫೋನು ಕೈಯಲ್ಲಿ ಹಿಡಿದು.

ಹುಡುಗಿಯ ವಿನ್ಯಾಸ ಹುಟ್ಟಿದ್ದು ಅಲ್ಲಿ. ಮೆಟ್ಟಿಲ ದಾರಿಯ ಒಂದೊಂದು ದೀಪಮಾಲೆ ಕಲ್ಲುಕಂಬದ ಬುಡದಲ್ಲೂ ಒಂದೊಂದು ಪ್ರಾಣಿ: ನಾಯಿ, ಕುದುರೆ, ಆಮೆ, ನವಿಲು. ಬಣ್ಣ ಬಳಿದದ್ದಲ್ಲ, ಕಲ್ಲಿನಲ್ಲಿ ಆಳವಾಗಿ ಕೊರೆದದ್ದು. ಭಂಡಾರ ತೂರಿದಷ್ಟೂ ಅದು ಕೊರೆದ ಗೆರೆಯೊಳಗೆ ಕೂತು ಚಿತ್ರ ಇನ್ನಷ್ಟು ಎದ್ದು ಕಾಣಬೇಕು. ದಾರಿ ತಪ್ಪಿದವರು 'ನಾಯಿ ಕಂಬದ ಹತ್ತಿರ ಇದೀನಿ' ಅಂದರೆ ಸಾಕು. ಸಿಮೆಂಟಿನ ಹಲಗೆಯೊಂದರಲ್ಲಿ ನಾಯಿಯನ್ನು ಕೊರೆದು ಮಾದರಿ ಮಾಡಿದಳು. ಅದನ್ನು ನೋಡಿದ ದಿನ ಅಕ್ಕೋರು ನನ್ನ ತೋಳು ಹಿಡಿದು, "ನೋಡ್ರಿ, ನೋಡ್ರಿ," ಎಂದಷ್ಟೇ ಅಂದರು.

ಆಮೇಲೆ ಜ್ಯೂರಿ. ಹೊರಗಿನಿಂದ ಬಂದ ತಜ್ಞರ ಮುಂದೆ ವಿದ್ಯಾರ್ಥಿ ತನ್ನ ಕೆಲಸವನ್ನಿಟ್ಟು ವಿವರಿಸಬೇಕು. ಅವರ ಮಾತೇ ಕೊನೆ. ಯಾವ ಮಕ್ಕಳಿಗೆ ಇಂಗ್ಲಿಷ್ ಬಾರದೋ ಅವರ ಪಕ್ಕ ನಿಂತು ಅನುವಾದಿಸುವುದು ಅಕ್ಕೋರು ತಾವಾಗಿ ಹಚ್ಚಿಕೊಂಡಿದ್ದ ಕೆಲಸ. ಮರಾಠಿ, ಹಿಂದಿ, ಕನ್ನಡ ಯಾವುದಿದ್ದರೂ ಸರಿ. ಅಂದು ಹುಡುಗಿ ಕನ್ನಡದಲ್ಲಿ ಎರಡು ಮಾತು ಹೇಳುತ್ತಿದ್ದಳು, ಅಕ್ಕೋರು ಇಂಗ್ಲಿಷಿನಲ್ಲಿ ಹತ್ತು ಹೇಳುತ್ತಿದ್ದರು. ಚೆನ್ನಾಗಿ ಹೇಳಿದರು. ಹುಡುಗಿ ಪೊಟ್ಟಣ ಬಿಚ್ಚಿ ಭಂಡಾರವನ್ನು ಹಲಗೆಯ ಮೇಲೆ ತೂರಲು ಕೈ ಎತ್ತಿದಳು. ತಜ್ಞರಲ್ಲೊಬ್ಬರು ಗಾಬರಿಯಾಗಿ, "ಪ್ಲೀಸ್, ಕಾರ್ಪೆಟ್ ಇದೆ," ಅಂದರು. ಕೈ ಹಾಗೇ ಇಳಿಯಿತು. ಭಂಡಾರವಿಲ್ಲದೆ ಆ ಹಲಗೆ ಬರೀ ಬೂದು ಬಣ್ಣದ ಸಿಮೆಂಟು. ಅಷ್ಟು ದೂರಕ್ಕೆ ನಾಯಿ ಕಾಣುತ್ತಲೇ ಇರಲಿಲ್ಲ.

"ಇದು ಜಾನಪದ ಕಲೆ, ವಿನ್ಯಾಸ ಅಲ್ಲ," ಅಂದರು ಅವರು. ಆಮೇಲೆ ಅಕ್ಕೋರ ಕಡೆ ತಿರುಗಿ, "ನಾವು ಅಂಕ ಕೊಡಬೇಕಾದದ್ದು ಹುಡುಗಿಗೋ, ನಿಮಗೋ?" ಎಂದು ಕೇಳಿದರು. ಕೋಣೆಯಲ್ಲಿ ನಗು ಎದ್ದಿತು. ಹುಡುಗಿಗೆ ಇಂಗ್ಲಿಷ್ ಬಾರದಿದ್ದರೂ ಆ ನಗು ಅರ್ಥವಾಯಿತು.

ಅವಳು ನಪಾಸಾದಳು. ಫಲಿತಾಂಶ ಬಂದ ಮಾರನೆಯ ಬೆಳಿಗ್ಗೆ ಹಾಸ್ಟೆಲಿನಲ್ಲಿ ಇರಲಿಲ್ಲ. ಫೋನು ಬಂದ್. ಬಣ್ಣ, ಕುಂಚ, ಸ್ಕೇಲು ಎಲ್ಲವನ್ನೂ ಮಂಚದ ಮೇಲೆ ಒಪ್ಪವಾಗಿ ಜೋಡಿಸಿಟ್ಟು ಹೋಗಿದ್ದಳು. ತಿರುಗಿ ಬರುವವರು ಹಾಗೆ ಜೋಡಿಸಿಡುವುದಿಲ್ಲ ಎಂದು ಆ ಒಪ್ಪ ನೋಡಿಯೇ ಅಕ್ಕೋರು ಹೆದರಿದರು.

ಅಕ್ಕೋರು ನನಗೆ ಫೋನ್ ಮಾಡಿದರು. "ಮೈಸೂರವ್ರ, ಬರ್ರಿ. ಹುಡುಗಿ ಇಲ್ರಿ." ಅಷ್ಟೇ. ನಾನು ಆಫೀಸಿನಿಂದ ಹೊರಟೆ. ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಕ್ಯಾಬ್ ಮುಂದೆ ಹೋಗುತ್ತಿರಲಿಲ್ಲ, ಅವರ ಫೋನು ಮೇಲಿಂದ ಮೇಲೆ ಬರುತ್ತಿತ್ತು. ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಜತ್ತ, ಸಾಂಗಲಿ ಕಡೆ ಹೋಗುವ ಒಂದೊಂದು ಬಸ್ಸನ್ನೂ ಹತ್ತಿ ಇಳಿದೆವು. ಕಂಡಕ್ಟರುಗಳಿಗೆ ಫೋಟೋ ತೋರಿಸಿದೆವು. ಊರಿಗೆ ಫೋನ್ ಮಾಡೋಣ ಅಂದರೆ ಅಕ್ಕೋರು ಬಿಡಲಿಲ್ಲ. "ಆಕಿ ಅವ್ವಗ ಏನಂತ ಹೇಳ್ಲಿ? ನಿಮ್ಮ ಮಗಳನ್ನ ಕಳಕೊಂಡೀನಿ ಅಂತನ?"

ಆಟೋದಲ್ಲಿ ವಾಪಸು ಬರುವಾಗ ಮುಠಾ ನದಿಯ ಸೇತುವೆಯ ಮೇಲೆ ಅವರು ಇದ್ದಕ್ಕಿದ್ದಂತೆ ಚಾಲಕನ ಬೆನ್ನು ತಟ್ಟಿ, "ಥಾಂಬಾ, ಥಾಂಬಾ," ಎಂದು ನಿಲ್ಲಿಸಿದರು. ಇಳಿದು ಕಟಕಟೆ ಹಿಡಿದು ಕೆಳಗೆ ನೋಡಿದರು. ಕಪ್ಪು ನೀರು, ಪ್ಲಾಸ್ಟಿಕ್ಕು, ಎರಡು ಕೊಕ್ಕರೆ. ನಾನು ಪಕ್ಕ ಹೋಗಿ ನಿಂತೆ. "ಇಲ್ಲಲ್ರೀ?" ಅಂದರು. "ಇಲ್ಲ ಮೇಡಮ್," ಅಂದೆ. "ಸರಿಯಾಗಿ ನೋಡ್ರಿ, ನನಗ ಕಣ್ಣು ಮಂಜಾಗ್ಯಾವ." ನಾನು ಇನ್ನೊಮ್ಮೆ ನೋಡಿದೆ. ಅಷ್ಟು ಹೆದರಿಕೊಂಡು ನಾನು ಯಾವ ನೀರನ್ನೂ ನೋಡಿದ್ದಿಲ್ಲ.

ಮೂರನೆಯ ದಿನ ಅವಳ ರೂಮಿನ ಗೆಳತಿಯೊಬ್ಬಳು ಬಾಯಿಬಿಟ್ಟಳು: ಪುಣೆಯ ಅಂಚಿನ ಹಡಪಸರದಲ್ಲಿ ಅವಳ ಚಿಗವ್ವ, ಅಂದರೆ ಚಿಕ್ಕಮ್ಮ, ಇದ್ದಾಳೆ. ಹೋದೆವು. ಕಾರ್ಖಾನೆಗಳ ಹಿಂದಿನ ಗಲ್ಲಿಯಲ್ಲಿ ಒಂದೇ ಕೋಣೆಯ ಮನೆ. ಹುಡುಗಿ ಬಾಗಿಲಲ್ಲಿ ಕೂತು ಚಿಗವ್ವನ ಕೂಸಿಗೆ ಅನ್ನ ತಿನ್ನಿಸುತ್ತಿದ್ದಳು. ಅಕ್ಕೋರು ನೆಲಕ್ಕೆ ಕುಸಿದು ಕೂತು, ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತರು. ಹುಡುಗಿ ಅಳಲಿಲ್ಲ.

"ಬಾರವ್ವಾ," ಅಂದರು ಅಕ್ಕೋರು. "ಇನ್ನೊಂದ್ಸಲ ಜ್ಯೂರಿ ಮಾಡಸ್ತೀನಿ. ನಾ ಇದೀನಲ್ಲ, ನಿನ್ನ ಪರವಾಗಿ ನಾ ಮಾತಾಡ್ತೀನಿ."

"ಒಲ್ಲೆ ಅಕ್ಕೋರ."

"ಯಾಕವ್ವಾ? ಆ ಮಂದಿ ನಕ್ಕದ್ದಕ್ಕೇನು?"

ಹುಡುಗಿ ಕೂಸಿನ ಬಾಯಿ ಒರೆಸಿದಳು. ಆಮೇಲೆ ಹೇಳಿದಳು, "ಅವರು ನಕ್ಕರ ನಕ್ಕರು ಬಿಡ್ರಿ. ನೀವು ನಾ ಹೇಳಿದ್ದಕ್ಕಿಂತ ಚಲೋ ಹೇಳಿದ್ರಿ. ನಾ ಎರಡು ಮಾತು ಅಂದ್ರ ನೀವು ಹತ್ತು ಅಂತಿದ್ರಿ. ಎಲ್ಲಾರೂ ನಿಮ್ಮ ಮಾರಿ ನೋಡ್ತಿದ್ರು. ನಾ ಬಾಯಿ ಇದ್ದೂ ಮೂಗಿ ಆದ್ನಿ. ನನ್ನ ಮಾತು ನನ್ನ ಬಾಯಿಲೆ ಕೇಳಾಕ ಅಲ್ಲಿ ಒಬ್ಬರೂ ಕುಂತಿದ್ದಿಲ್ರಿ ಅಕ್ಕೋರ."

ಅದರಲ್ಲಿ ಸಿಟ್ಟಿರಲಿಲ್ಲ. ಚಿಗವ್ವ ಕೊಟ್ಟ ಚಹಾ ತಣ್ಣಗಾಯಿತು.

ವಾಪಸು ಬರುವಾಗ ಹಡಪಸರದ ಗದ್ದಲದಲ್ಲಿ ಆಟೋ ನಿಂತೇ ಇತ್ತು. ಅಕ್ಕೋರು ಹೊರಗೆ ನೋಡುತ್ತ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, "ಮೂವತ್ತು ವರ್ಷ ಆತ್ರೀ, ಎಲ್ಲಾರ ಪರವಾಗಿ ನಾನ ಮಾತಾಡ್ಕೋತ ಬಂದೆ. ಯಾರನ್ನೂ ಮಾತಾಡ್ಲಿಕ್ಕೇ ಬಿಡಲಿಲ್ಲೇನು ನಾ?" ಹಾಗಲ್ಲ ಮೇಡಮ್, ನೀವಿಲ್ಲದಿದ್ದರೆ ಆ ಮಕ್ಕಳು ಅಲ್ಲಿ ನಿಲ್ಲುವುದಕ್ಕೂ ಆಗುತ್ತಿರಲಿಲ್ಲ, ಅಂದೆ. "ಅದೂ ಖರೇನ," ಅಂದರು. "ಆದ್ರ ಸಾಲಲಿಲ್ಲ."

ಆಮೇಲಿನ ವಾರಗಳಲ್ಲಿ ಅವರು ಬೇರೆಯೇ ಮನುಷ್ಯರಾದರು. ಈಗ ಅವರು ಕೇಳುತ್ತಿದ್ದದ್ದು ಅನುವಾದಕರನ್ನಲ್ಲ, ಬೇರೆ ಜ್ಯೂರಿಯನ್ನು. ಯಾರಿಗಾಗಿ ಮಾಡಿದ ಕೆಲಸವೋ ಅವರಲ್ಲಿ ಇಬ್ಬರಾದರೂ ಜ್ಯೂರಿಯಲ್ಲಿ ಕೂರಬೇಕು. ಹುಡುಗಿಯ ಮಾತು ಬಲ್ಲವರು ಕೂರಬೇಕು. ಜೇಜುರಿಯ ಕೆಲಸವನ್ನು ಜೇಜುರಿಯಲ್ಲೇ ನೋಡಬೇಕು. ಪ್ರಿನ್ಸಿಪಾಲರು ಕೆಟ್ಟವರೇನಲ್ಲ. "ಮ್ಯಾಡಮ್, ನಿಯಮ ಇದೆ. ಯಾತ್ರಿಕರನ್ನು ಪರೀಕ್ಷಕರು ಅಂತ ಯಾವ ಬಾಯಲ್ಲಿ ಹೇಳಲಿ?" ಅಂದರು. ಅಕ್ಕೋರು ದಿನವೂ ಪಾಠ ಮುಗಿಸಿ ಅವರ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತಿರುತ್ತಿದ್ದರು. ಪ್ರಿನ್ಸಿಪಾಲರು ಮೊದಮೊದಲು ಒಳಗೆ ಕರೆಯುತ್ತಿದ್ದರು, ಆಮೇಲೆ ಕರೆಯಲಿಲ್ಲ. ಸಹೋದ್ಯೋಗಿಗಳು ಆ ಕಾರಿಡಾರ್ ಬಿಟ್ಟು ಬೇರೆ ದಾರಿಯಲ್ಲಿ ಓಡಾಡತೊಡಗಿದರು. "ಮನೆಗೆ ಹೋಗಿ ಮೇಡಮ್, ಜ್ವರ ಇದೆ ನಿಮಗೆ," ಎಂದು ನಾನು ಒಂದು ದಿನ ಅಂದೆ. "ಆ ಹುಡುಗಿ ಮಂಚದ ಮ್ಯಾಲ ಸಾಮಾನು ಜೋಡಿಸಿಟ್ಟಿದ್ಲಲ್ರೀ, ಅದು ಕಣ್ಣು ಮುಚ್ಚಿದ್ರ ಕಾಣ್ತದ. ಮನಿಗೆ ಹೋಗಿ ಏನ್ಮಾಡ್ಲಿ?" ಅಂದರು.

ಕೊನೆಗೆ ಯಾರನ್ನೂ ಕೇಳದೆ, ಒಂದು ಭಾನುವಾರ ಹುಡುಗಿಯನ್ನು ಜೇಜುರಿಗೆ ಕರೆದರು. ಕಾಲೇಜಿಗೆ ಬರಲು ಒಪ್ಪದವಳು ಅಲ್ಲಿಗೆ ಬಂದಳು. ತರಗತಿಯ ಮಕ್ಕಳೂ ಬಂದರು, ನಾನು ಆ ಸಿಮೆಂಟಿನ ಹಲಗೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಮೆಟ್ಟಿಲೇರಿದೆ. ದೀಪಮಾಲೆಯೊಂದರ ಬುಡಕ್ಕೆ ಅದನ್ನು ಆನಿಸಿದೆವು. ಅಕ್ಕೋರು ಬೇಕೆಂದೇ ದೂರ ಹೋಗಿ, ಬೆನ್ನು ಮಾಡಿ ಕೂತರು.

ರಾಯಚೂರು ಕಡೆಯ ಒಂದು ಗುಂಪು ಬಂತು. ಭಂಡಾರ ತೂರುತ್ತ, ಏಳುಕೋಟಿ ಎಂದು ಮೈಲಾರನ ಜಯಘೋಷ ಕೂಗುತ್ತ. ಹುಡುಗಿ ಹೆಂಗಸರನ್ನು ನಿಲ್ಲಿಸಿ ಮಾತಾಡಿಸಿದಳು. ಇದು ಯಾಕೆ, ಹೇಗೆ, ತಪ್ಪಿಸಿಕೊಂಡರೆ ಏನನ್ನಬೇಕು, ಎಲ್ಲವನ್ನೂ ತಾನೇ ಹೇಳಿದಳು. ಅವಳಿಗೆ ಅಷ್ಟು ಮಾತು ಬರುತ್ತದೆಂದು ನಮಗಾರಿಗೂ ಗೊತ್ತಿರಲಿಲ್ಲ. ಒಬ್ಬ ಹೆಂಗಸು ಹಿಡಿ ಭಂಡಾರ ತೆಗೆದು ಹಲಗೆಗೆ ತೂರಿದಳು. ಮೇಲಿನದು ಗಾಳಿಗೆ ಹಾರಿತು, ಗೆರೆಯೊಳಗಿನದು ಉಳಿಯಿತು. ಬೂದು ಸಿಮೆಂಟಿನಲ್ಲಿ ಹಳದಿ ನಾಯಿ ಎದ್ದು ನಿಂತಿತು.

"ಏ, ಮೈಲಾರಪ್ಪನ ನಾಯಿ!" ಅಂದಳು ಆಕೆ. "ಆದ್ರ ಯವ್ವಾ, ಭಾಳ ಕೆಳಗ ಐತಿ ನೋಡು. ಗದ್ದಲದಾಗ ಮಂದಿ ಕಾಲೇ ಕಾಣತಾವ. ಎದಿಮಟ ಮ್ಯಾಲ ಇಡು."

ಹುಡುಗಿ ಹಲಗೆ ಎತ್ತಿ ಎದೆಯ ಮಟ್ಟಕ್ಕೆ ಹಿಡಿದು ನೋಡಿದಳು. "ಹೌದ್ರಿ," ಅಂದಳು. ಮೂರು ಜನ ತಜ್ಞರು ಹೇಳದ ಮಾತದು. ಮೊದಲ ಬಾರಿಗೆ ಅವಳ ಕೆಲಸವನ್ನು ಯಾರೋ ನಿಜವಾಗಿ ನೋಡಿ ತಿದ್ದಿದ್ದರು. ನಾನು ಅಕ್ಕೋರ ಕಡೆ ತಿರುಗಿದೆ. ಅವರು ಬೆನ್ನು ಮಾಡಿಯೇ ಕೂತಿದ್ದರು, ಭುಜ ಅಲುಗುತ್ತಿತ್ತು. ಹತ್ತಿರ ಹೋದಾಗ ಕೆಮ್ಮುತ್ತಿದ್ದರು. ಅಳುತ್ತಲೂ ಇದ್ದರು.

ಇಳಿಯುವಾಗ ಕೇಳಿದರು, "ಈಗರ ಬರ್ತೀ ಇಲ್ಲವ್ವಾ ಕಾಲೇಜಿಗೆ?"

"ಇಲ್ರಿ ಅಕ್ಕೋರ. ನನಗ ಇಷ್ಟ ಸಾಕು."

"ನನಗ ಸಾಕಾಗಿಲ್ಲವ್ವಾ," ಅಂದರು ಅಕ್ಕೋರು. ಹುಡುಗಿ ಅವರ ಕಾಲು ಮುಟ್ಟಿ ನಮಸ್ಕರಿಸಿ ಹಡಪಸರದ ಬಸ್ಸು ಹತ್ತಿದಳು. ಈಗ ಅಲ್ಲೇ ಒಂದು ಕಾರ್ಖಾನೆಯಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತಾಳೆ. ಹಬ್ಬಕ್ಕೆ ಫೋನ್ ಮಾಡುತ್ತಾಳೆ. ಚಿತ್ರ ಬಿಡಿಸುತ್ತೀಯಾ ಎಂದು ಕೇಳಲು ನನಗೆ ಧೈರ್ಯವಾಗುವುದಿಲ್ಲ.

ಜೇಜುರಿಯ ಸುದ್ದಿ ಪ್ರಿನ್ಸಿಪಾಲರಿಗೆ ತಲುಪಿತು. ಅಕ್ಕೋರಿಗೆ ನಿವೃತ್ತಿಯ ವಯಸ್ಸು ದಾಟಿ, ವರ್ಷವರ್ಷಕ್ಕೆ ಅವಧಿ ಮುಂದುವರಿಸುತ್ತಿದ್ದರು. ಈ ಸಲ ಮುಂದುವರಿಸಲಿಲ್ಲ. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿದರು, ಮಾತಾಡಿ ಎಂದರು. ಅವರು ಎದ್ದು ನಿಂತು, ಮಕ್ಕಳ ಕಡೆ ಕೈ ತೋರಿಸಿ, "ಅವರನ್ನು ಕೇಳಿ," ಎಂದು ಕೂತುಬಿಟ್ಟರು.

ಸಂಧಿವಾತದ ಔಷಧಿ ಸೋಂಕು ತಡೆಯುವ ಮೈಯ ತ್ರಾಣವನ್ನೇ ಕುಂದಿಸುತ್ತದಂತೆ. ಕೆಮ್ಮು ನಿಲ್ಲಲಿಲ್ಲ, ಎದೆಗೆ ಸೋಂಕು ಇಳಿಯಿತು. ಅವರಿಗೆ ಹತ್ತಿರದವರೆಂದರೆ ಬೆಳಗಾವಿಯ ತಮ್ಮ ಒಬ್ಬರೇ. ಅವರು ಬಂದು ಆಸ್ಪತ್ರೆಯಲ್ಲಿ ಕೂತಿದ್ದರು. ನಾನು ಹೋದಾಗ ಅಕ್ಕೋರು ಆಕ್ಸಿಜನ್ ಮುಖವಾಡ ಸರಿಸಿ ಕೇಳಿದರು, "ಏನಾತ್ರೀ? ಒಪ್ಪಿದ್ರೇನು?"

ಅವರು ಕಾಲೇಜು ಬಿಟ್ಟ ಮೇಲೂ ಬೇರೆ ಜ್ಯೂರಿಯ ಅವರ ಬೇಡಿಕೆಯನ್ನು ನಾನು ಕಾಲೇಜಿನ ಸಭೆಯ ಮುಂದಿಟ್ಟಿದ್ದೆ. ಅವರ ತಮ್ಮ ನನ್ನತ್ತ ಕಣ್ಣಲ್ಲೇ ಬೇಡಿಕೊಂಡರು, ಹೂಂ ಅನ್ನಿ ಎಂದು. ನನಗೆ ಆಗಲಿಲ್ಲ.

"ಇಲ್ಲ ಮೇಡಮ್. ಒಪ್ಪಲಿಲ್ಲ. ಮುಂದಿನ ವರ್ಷ ನೋಡೋಣ ಅಂದ್ರು."

ಅವರು ಕಣ್ಣು ಮುಚ್ಚಿಕೊಂಡರು. ಉಸಿರು ಹಿಡಿದು ಹಿಡಿದು ಹೇಳಿದರು, "ಖರೇ ಹೇಳಿದ್ರಿ. ಚಲೋ ಆತು. ಆ ಕ್ಲಾಸ್ ನೀವ ತಗೋರಿ. ಮಾತು ಕಡಿಮಿ ಮಾಡ್ರಿ." ಆ ವಾರವೇ ಅವರು ಹೋದರು.

ನಾನು ಹಿಂಜವಾಡಿಯ ಕೆಲಸ ಬಿಟ್ಟು ಆ ತರಗತಿಗೆ ಸೇರಿದೆ. ಜ್ಯೂರಿ ಇನ್ನೂ ಹಾಗೇ ಇದೆ, ಕಾರ್ಪೆಟ್ಟೂ ಇದೆ. ಸಭೆಯಲ್ಲಿ ಪ್ರತಿ ಸಲ ಕೇಳುತ್ತೇನೆ, ಪ್ರತಿ ಸಲ ಮುಂದಿನ ವರ್ಷ ಅನ್ನುತ್ತಾರೆ. ಈ ವರ್ಷ ದೂರದ ಹಳ್ಳಿಗಳಿಂದ ಇಬ್ಬರು ಬಂದಿದ್ದರು. ನಂದುರಬಾರ್ ಕಡೆಯ ಹುಡುಗ ದೀಪಾವಳಿಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ಇನ್ನೊಬ್ಬಳು ಮೊನ್ನೆ ತನ್ನ ಬಣ್ಣದ ಡಬ್ಬಿಯನ್ನು ಪಕ್ಕದವಳಿಗೆ ಕೊಟ್ಟಳಂತೆ. ಅದನ್ನು ಕೇಳಿದಾಗಿನಿಂದ ಮಂಚದ ಮೇಲೆ ಜೋಡಿಸಿಟ್ಟಿದ್ದ ಆ ಕುಂಚಗಳು ನನ್ನ ಕಣ್ಣಿಗೂ ಕಟ್ಟುತ್ತಿವೆ. ನಾಳೆ ಅವಳು ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ಎಲ್ಲರಿಗಿಂತ ಮೊದಲು ಹೋಗಿ ಕಾಲೇಜಿನ ಗೇಟಿನಲ್ಲಿ ನಿಂತಿರುತ್ತೇನೆ. ಬಂದರೆ ನಾನು ಏನೂ ಹೇಳುವುದಿಲ್ಲ. ಅವಳು ಏನು ಹೇಳುತ್ತಾಳೋ ಕೇಳುತ್ತೇನೆ.